ಹೊಯ್ಯುವವರ ಕೈ

ಮಕ್ಕಳಿಗೆ ಕೈ ತೊಳೆಯುವುದನ್ನು ಕಲಿಸಲು ಹೊರಟಿದ್ದ ಆ ಮನುಷ್ಯರಿಗೆ ಕೈಯ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಮುಖ ಬರುತ್ತಿತ್ತು, ಮುಖಕ್ಕಿಂತ ಚೆನ್ನಾಗಿ ಮೀಸೆ ಬರುತ್ತಿತ್ತು. ಮರ, ಮನೆ, ಹಸು, ಹಸುವಿನ ಹಿಂದೆ ಹುಟ್ಟುವ ಸೂರ್ಯ, ಎಲ್ಲವೂ ಬರುತ್ತಿತ್ತು. ಮಣಿಕಟ್ಟಿನ ಹತ್ತಿರ ಬಂದಕೂಡಲೇ ಪೆನ್ಸಿಲು ಹೆದರಿಬಿಡುತ್ತಿತ್ತು. ಹಾಗಾಗಿ ಅವರ ಮೊದಲ ಚಿತ್ರಕಥೆಯಲ್ಲಿ ಎಲ್ಲರೂ ಕೈಯನ್ನು ಎಲ್ಲಾದರೂ ಅಡಗಿಸಿಕೊಂಡಿದ್ದರು. ಹುಡುಗ ಬೆನ್ನ ಹಿಂದೆ, ಮೇಷ್ಟರು ಕೋಟಿನ ಜೇಬಿನಲ್ಲಿ, ತಾಯಿ ಸೆರಗಿನೊಳಗೆ. ಕಥೆಯ ಮುಖ್ಯ ಘಟ್ಟದಲ್ಲಿ, ಅಂದರೆ ಕೈ ತೊಳೆಯುವ ಘಟ್ಟದಲ್ಲಿ, ಹುಡುಗನ ಎರಡೂ ಕೈಗಳು ಮೊಣಕೈವರೆಗೆ ಹಂಡೆಯೊಳಗಿದ್ದವು. ನಮ್ಮ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇವ ಹಂಡೆಯಲ್ಲಿ ಏಡಿ ಹಿಡಿಯುತ್ತಿದ್ದಾನಾ ಎಂದು ಕೇಳಿದ್ದರು.

ಹೋದ ತಿಂಗಳು ಸಾಗರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಸಾಲಿನಲ್ಲಿ ನಿಂತಿದ್ದಾಗ ಹಳೆಯ ಪರಿಚಯದವರೊಬ್ಬರು, ಆ ಚಿತ್ರಕಥೆಯವರು ತೀರಿಕೊಂಡರಂತೆ ಎಂದು ಹೇಳಿದರು. ಆ ಸುದ್ದಿ ಹೇಳಲು ಅದಕ್ಕಿಂತ ತಕ್ಕ ಜಾಗ ಇನ್ನೊಂದಿರಲಿಲ್ಲ. ನಾನು ಅಂದು ನಲ್ಲಿಯ ಕೆಳಗೆ ಸ್ವಲ್ಪ ಹೆಚ್ಚು ಹೊತ್ತೇ ಕೈ ಇಟ್ಟಿರಬೇಕು. ಹಿಂದಿನವರು ಗೊಣಗಿದರು.

ಅರವತ್ತರ ದಶಕದಲ್ಲಿ ನಮ್ಮ ಯಜಮಾನರು ಸಾಗರದ ತಾಲ್ಲೂಕು ಕಚೇರಿಯಲ್ಲಿದ್ದಾಗ ಅವರದು ಪಕ್ಕದ ಮನೆ. ಎರಡು ಮನೆಗೂ ನಡುವೆ ಒಂದೇ ಬಾವಿ. ಅವರು ಹೆಲ್ತ್ ಇನ್ಸ್‌ಪೆಕ್ಟರು. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಊರ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಮಕ್ಕಳಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸುವುದು ಅವರ ಕೆಲಸ. ಅರ್ಧ ತೋಳಿನ ಬಿಳಿ ಅಂಗಿ, ಅಂಗಿಯ ಜೇಬಿನಲ್ಲಿ ಒಂದು ತಗಡಿನ ಸೋಪಿನ ಡಬ್ಬಿ. ನಡೆದರೆ ಅದರೊಳಗೆ ಸೋಪು ಲಟಲಟ ಎನ್ನುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟಿದ ಹಾಗೆ. ಆ ಸದ್ದು ತಿರುವಿನಲ್ಲಿ ಕೇಳಿಸಿದರೆ ಸಾಕು, ಬೀದಿಯ ಮಕ್ಕಳು "ಸೋಪಿನ ಸಾಹೇಬ್ರು ಬಂದ್ರು" ಎಂದು ಕೈ ಹಿಂದೆ ಕಟ್ಟಿಕೊಂಡು ಓಡುತ್ತಿದ್ದರು. ಅವರ ಚಿತ್ರದ ಮಕ್ಕಳ ಹಾಗೆಯೇ.

ಅವರು ಕೈ ತೊಳೆಯುವುದನ್ನು ನೋಡಲು ಪುಣ್ಯ ಬೇಕು. ಕಚೇರಿಯಿಂದ ಬಂದು, ಹಿತ್ತಿಲ ಕಲ್ಲಿನ ಮೇಲೆ ನಿಂತು, ಎರಡೂ ಕೈ ಮುಂದೆ ಚಾಚಿ, ಮುಖ ಮೇಲೆ ಮಾಡಿ ಗಾಳಿಗೆ "ಹೂಂ" ಎನ್ನುವರು. ಎಲ್ಲಿಂದಲೋ ತಂಬಿಗೆ ಬರುವುದು, ನೀರು ಬೀಳುವುದು. ಬೆರಳ ಸಂದಿ, ಉಗುರ ಸಂದಿ, ಅಂಗೈ, ಹಿಂಗೈ, ಮತ್ತೆ ಸೋಪು, ಮತ್ತೆ "ಹೂಂ". ತಂಬಿಗೆ ಹಿಡಿದವರ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ದೇವರ ತಲೆಗೆ ನೀರು ಬೀಳುವಾಗ ದೇವರು ಪೂಜಾರಿಯನ್ನು ನೋಡುತ್ತಾನೆಯೇ?

ತಂಬಿಗೆ ಹಿಡಿಯುತ್ತಿದ್ದವರು ಅವರ ಹೆಂಡತಿ. ತೀರ್ಥಹಳ್ಳಿ ಕಡೆಯವರು, ನಾನು ಅಕ್ಕ ಎನ್ನುತ್ತಿದ್ದೆ. ಮಾತು ಕಡಿಮೆ. ಆಡಿದರೆ ಒಂದೇ ಸಲ, ಎದುರಿನವರು ಆಮೇಲೆ ಮನೆಗೆ ಹೋಗಿ ಯೋಚಿಸುವಂಥದ್ದು. ಬಾವಿ ಆಳವಾಗಿತ್ತು, ಹಗ್ಗ ಒರಟಾಗಿತ್ತು. ಅಕ್ಕನ ಅಂಗೈಯಲ್ಲಿ ಹಗ್ಗ ಎಳೆದ ಗೆರೆ ಕೆಂಪಗೆ ಅಡ್ಡ ಬಿದ್ದಿರುತ್ತಿತ್ತು. ಒಮ್ಮೆ ಬಾವಿಕಟ್ಟೆಯಲ್ಲಿ ನಾನು ಆ ಗೆರೆಯನ್ನೇ ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. "ಎಂತ ನೋಡ್ತೀಯ ಮಾರಾಯ್ತಿ, ಇವ್ರ ಕೈ ಬೆಳ್ಳಗಾಗ್ಬೇಕು ಅಂದ್ರೆ ನನ್ ಕೈ ಕೆಂಪಾಗ್ಬೇಕು" ಎಂದರು. ಸಿಟ್ಟೇನೂ ಇರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು.

ಇನ್ಸ್‌ಪೆಕ್ಟರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ. ಪ್ರೈಮರಿ ಶಾಲೆಯ ಮಕ್ಕಳಿಗೆ ಭಾಷಣ ಹೇಳಿ ಪ್ರಯೋಜನವಿಲ್ಲ, ಚಿತ್ರಕಥೆಯೇ ಆಗಬೇಕು. ಅದನ್ನು ತಾವೇ ಮಾಡಬೇಕು. ಇಲಾಖೆ ಅಚ್ಚು ಹಾಕಿಸಬೇಕು. ಜಿಲ್ಲೆಯ ಪ್ರತಿಯೊಂದು ಶಾಲೆಯ ಗೋಡೆಗೂ ಅದು ಹೋಗಬೇಕು. ಬಡ್ತಿ ಬೇಡ, ವರ್ಗ ಬೇಡ, ಅಚ್ಚಾದರೆ ಸಾಕು ಎನ್ನುತ್ತಿದ್ದರು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಮ್ಮ ಹೆಸರಿದ್ದರೆ ಆಕ್ಷೇಪಣೆಯಿಲ್ಲ ಎಂದೂ ಸೇರಿಸುತ್ತಿದ್ದರು. ಅವರು ತೋರಿಸಿದ ಜಾಗ ನೋಡಿದರೆ ಅಕ್ಷರ ಅಷ್ಟೇನೂ ಸಣ್ಣದಾಗಿರುವಂತಿರಲಿಲ್ಲ.

ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು, ಡ್ರಾಯಿಂಗ್ ಕಲಿತವಳು ಎಂಬುದು ಅವರಿಗೆ ಹೇಗೋ ತಿಳಿಯಿತು. ಒಂದು ಭಾನುವಾರ ಹಾಳೆಗಳ ಸುರುಳಿ ಹಿಡಿದುಕೊಂಡು ಜಗುಲಿಗೆ ಬಂದರು. ಮುಖ ಮೈಯೆಲ್ಲ ಮುಗಿದಿದೆ, ಕೈ ಮಾತ್ರ ತಾವು ಹಾಕಿಕೊಡಬೇಕು ಎಂದರು. ನನ್ನ ಕಷ್ಟ ನನಗೆ. ಕಾನ್ವೆಂಟಿನಲ್ಲಿ ಸಿಸ್ಟರು ನಮಗೆ ಕೈ ಬಿಡಿಸಲು ಕಲಿಸಿದ್ದು ಸಂತರ ಪಟಗಳನ್ನು ಮುಂದಿಟ್ಟುಕೊಂಡು. ಹಾಗಾಗಿ ನಾನು ಯಾವ ಕೈ ಬರೆದರೂ ಅದು ಪ್ರಾರ್ಥನೆಗೆ ಹೊರಟ ಹಾಗೆ ಕಾಣುತ್ತಿತ್ತು. ಅವರ ಹುಡುಗನ ಮಣಿಕಟ್ಟಿಗೆ ನನ್ನ ಕೈ ಕೂಡಿಸಿದಾಗ, ದೊಡ್ಡ ಮೀಸೆಯ ಊರಿನಲ್ಲಿ ಒಬ್ಬ ಪುಟ್ಟ ಸಂತ ಹುಟ್ಟಿದಂತಾಯಿತು. ಅವರಿಗೆ ಬಹಳ ಸಂತೋಷ.

ಹುಡುಗನಿಗೆ ಅವರಿಟ್ಟ ಹೆಸರು ಶುಚೀಂದ್ರ. ಆ ಸೀಮೆಯಲ್ಲಿ ಯಾವ ತಾಯಿಯೂ ಮಗುವಿಗೆ ಇಡದ ಹೆಸರು. ಅವನ ಎದುರಾಳಿ ಕ್ರಿಮಿಕಾಸುರ. ರೋಗದ ಕ್ರಿಮಿಯನ್ನು ಅವರು ಯಕ್ಷಗಾನದ ರಕ್ಕಸನ ಹಾಗೆ ದೊಡ್ಡ ಕಿರೀಟ, ಕೋರೆಹಲ್ಲು ಹಾಕಿ ಬರೆದಿದ್ದರು. ಅಲ್ಲಿ ಮಾತ್ರ ಅವರ ಪೆನ್ಸಿಲಿನ ಮೈಮೇಲೆ ದೇವರು ಬಂದಿತ್ತು. ಮಕ್ಕಳು ಮನಸೋತದ್ದೂ ಅವನಿಗೇ. ಒಂದು ಶಾಲೆಯಲ್ಲಿ, ಕೈ ತೊಳೆದರೆ ಕ್ರಿಮಿಕಾಸುರ ಸಾಯುತ್ತಾನೆ ಎಂದು ಇವರು ಆವೇಶದಿಂದ ಹೇಳಿದಾಗ ಮುಂದಿನ ಸಾಲಿನ ಮಗುವೊಂದು ಅಳಲು ತೊಡಗಿತಂತೆ. ಹಾಗಾದ್ರೆ ತೊಳೆಯೋದು ಬೇಡ ಸಾರ್, ಪಾಪ, ಎಂದಿತಂತೆ.

ಕಥೆಯ ಮೂರನೆಯ ಚಿತ್ರದಲ್ಲಿ ಶುಚೀಂದ್ರ ಕೈ ತೊಳೆಯಬೇಕು. ಹಂಡೆಯೊಳಗೆ ಕೈ ಮುಳುಗಿಸಿದರೆ ನೀರೆಲ್ಲ ಕೆಡುತ್ತದೆ ಎಂದು ನಾನು ಹೇಳಿದೆ. ಅದನ್ನು ಅವರು ಒಪ್ಪಿದರು, ಅದು ಶಾಸ್ತ್ರೀಯವಾದ ಮಾತು ಎಂದರು. ಹಾಗಾದರೆ ಅವನು ಕೈ ಚಾಚಿ ನಿಲ್ಲಲಿ, ಚಿತ್ರದ ಅಂಚಿನಿಂದ ಒಂದು ತಂಬಿಗೆ ಬರಲಿ, ನೀರು ಬೀಳಲಿ. ತಂಬಿಗೆಯ ಜೊತೆಗೆ ಒಂದು ಕೈ ಬೇಕಲ್ಲ. ಅದಕ್ಕೆ ಬಳೆ ಹಾಕಿ ಎಂದರು. ಯಾಕೆ ಎಂದೆ. "ಬಳೆ ಇಲ್ದಿದ್ರೆ ಅದು ಯಾರ ಕೈ ಅಂತ ಮಕ್ಕಳಿಗೆ ಹೇಗೆ ಗೊತ್ತಾಗಬೇಕು ತಾಯಿ?" ಎಂದು ನನ್ನ ದಡ್ಡತನಕ್ಕೆ ಮರುಗಿದರು. ನೋಡಿ ಬರೆಯಲೆಂದು ಅಕ್ಕನನ್ನು ಕರೆಸಿ ತಂಬಿಗೆ ಹಿಡಿಸಿ ನಿಲ್ಲಿಸಿದರು. ಅಕ್ಕ ಒಲೆಯ ಮೇಲೆ ಸಾರು ಬಿಟ್ಟು ಬಂದಿದ್ದರು. ಅಂಚಿನಲ್ಲಿ ಅಷ್ಟೇ ಜಾಗ ಇದ್ದುದರಿಂದ ಮಣಿಕಟ್ಟಿನಿಂದ ಆಚೆಗೆ ಅವರು ಚಿತ್ರದೊಳಗೆ ಬರಲಿಲ್ಲ.

ಸಾಗರದ ಶಾಲೆಗಳಲ್ಲಿ ಚಿತ್ರಕಥೆ ಗೆದ್ದಿತು ಎಂದು ಅವರೇ ಹೇಳಿದರು; ಅಲ್ಲಿನ ಮೇಷ್ಟರೊಬ್ಬರು ನಮ್ಮ ಯಜಮಾನರಿಗೂ ಹೇಳಿದರು. ಮಧ್ಯಾಹ್ನದ ಗಂಟೆ ಹೊಡೆದರೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಥೇಟು ಶುಚೀಂದ್ರನ ಹಾಗೆ ಎರಡೂ ಕೈ ಚಾಚುತ್ತಾರೆ, ಮುಖ ಮೇಲೆ ಮಾಡುತ್ತಾರೆ, ಮತ್ತು ಕಾಯುತ್ತಾರೆ. ಮನೆಯಲ್ಲಾದರೆ ಅಮ್ಮ ಬರುತ್ತಾಳೆ. ಶಾಲೆಯಲ್ಲಿ ಯಾರು ಬರಬೇಕು? ಮೇಷ್ಟರು ಚಿತ್ರ ನೋಡಿದರು, ಬಳೆ ನೋಡಿದರು, ಒಬ್ಬ ಹುಡುಗಿಯನ್ನು ಕರೆದು ತಂಬಿಗೆ ಕೊಟ್ಟರು. ಯಾವ ಮನೆಯ ಹುಡುಗಿ ಹೊಯ್ದರೆ ಯಾರ ತಕರಾರೂ ಇರುವುದಿಲ್ಲ ಎಂಬುದನ್ನು ಅವರು ಮೊದಲೇ ಯೋಚಿಸಿದ್ದರು. ಅದನ್ನು ಯಾವ ಚಿತ್ರದಲ್ಲೂ ಬರೆಯಬೇಕಾಗಿರಲಿಲ್ಲ. ಎಲ್ಲ ಶಾಲೆಯಲ್ಲೂ ಹೀಗೆಯೇ ಆಯಿತು. ಇನ್ಸ್‌ಪೆಕ್ಟರು ಇದನ್ನು ತಮ್ಮ ಚಿತ್ರದ ಶಕ್ತಿ ಎಂದು ತಿಳಿದರು. ನಿಜಕ್ಕೂ ಚಿತ್ರದ ಶಕ್ತಿಯೇ.

ಸೋಲು ಕಾದಿದ್ದುದು ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ. ಆ ಕಡೆ ಗುಡ್ಡದ ಒರತೆಯ ನೀರನ್ನು ಅಡಕೆ ಮರವನ್ನು ಸೀಳಿ ತೋಡಿದ ದಬ್ಬೆಯಲ್ಲಿ ಹಿತ್ತಿಲಿಗೇ ತಂದುಕೊಳ್ಳುತ್ತಾರೆ. ಹಗಲೂ ರಾತ್ರಿ ನೀರು ಸುರಿಯುತ್ತಲೇ ಇರುತ್ತದೆ. ಬಾವಿಯಿಲ್ಲ, ಹಗ್ಗವಿಲ್ಲ, ಯಾರಾದರೂ ಹೋಗಿ ಕೈಯೊಡ್ಡಿದರೆ ಆಯಿತು. ಆ ಮಕ್ಕಳಿಗೆ ಮೂರನೆಯ ಚಿತ್ರ ಅರ್ಥವೇ ಆಗಲಿಲ್ಲ. ಒಬ್ಬ ಹುಡುಗ ಎದ್ದು ನಿಂತು, ಅವನ ಕೈಗೆ ಎಂತಾಗಿದೆ ಸಾರ್, ಮುರಿದಿದ್ಯಾ ಎಂದು ಕೇಳಿದನಂತೆ. ಉಳಿದವರು, ಹೌದು ಸಾರ್, ಅದಕ್ಕೇ ಅವನ ಅಮ್ಮ ತೊಳೆಸ್ತಾ ಇದ್ದಾಳೆ, ಪಾಪ, ಎಂದು ಕನಿಕರಪಟ್ಟರಂತೆ.

ಈ ಅವಮಾನವನ್ನು ಅವರು ನಮ್ಮ ಜಗುಲಿಯಲ್ಲಿ ಕೂತು ವರ್ಣಿಸಿದರು. ಹಳ್ಳಿಯ ಮಕ್ಕಳ ಅಜ್ಞಾನ ಎಷ್ಟರ ಮಟ್ಟಿಗಿದೆ ಎಂದು ತೋರಿಸುವುದು ಅವರ ಉದ್ದೇಶ. ಅಕ್ಕ ನನ್ನ ಜೊತೆ ಅಕ್ಕಿ ಆರಿಸುತ್ತಿದ್ದರು. ಅವರು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು ಆವತ್ತು.

"ಹುಡುಗ ಸಮಾ ಕೇಳಿದ" ಎಂದರು.

"ಏನು ಸಮಾ?" ಇನ್ಸ್‌ಪೆಕ್ಟರು ತಿರುಗಿದರು. "ಕೊಳೆ ಕೈಲಿ ತಂಬಿಗೆ ಮುಟ್ಟಿದ್ರೆ ತಂಬಿಗೆಗೆ ಕ್ರಿಮಿ ಹತ್ತೋಲ್ವೇ? ಹೊಯ್ಯೋಕೆ ಇನ್ನೊಬ್ರು ಬೇಕೇ ಬೇಕು. ಇದು ವಿಜ್ಞಾನ."

"ಹಂಗಾರೆ ಹೊಯ್ಯೋರ ಕೈಗೆ ಯಾರು ಹೊಯ್ತಾರೆ?"

ಇನ್ಸ್‌ಪೆಕ್ಟರು ಬಾಯಿ ತೆರೆದರು. ಅದು ತಾಯಿಯ ಕೈ, ತಾಯಿಯ ಕೈ ಎಂದಿಗೂ ಕೊಳೆಯಲ್ಲ, ಎಂಬಂಥ ಏನೋ ಹೇಳಿದರು. ಅಕ್ಕ ಒಂದು ಕಲ್ಲು ಆರಿಸಿ ಹೊರಗೆ ಎಸೆದರು, ಅಷ್ಟೆ.

ಅದಾದ ಮೇಲೆ ಕೆಲವು ದಿನ ಅವರ ಡಬ್ಬಿಯ ಸದ್ದು ನಮ್ಮ ಜಗುಲಿಗೆ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬೇಲಿಯಾಚೆಯಿಂದಲೇ, ತಾಯಿ, ನಿಮ್ಮ ಕಾನ್ವೆಂಟಿನಲ್ಲಿ ಯಾರು ಹೊಯ್ಯುತ್ತಿದ್ದರು ಎಂದು ಕೇಳಿದರು. ಅಲ್ಲಿ ನಲ್ಲಿ ಇತ್ತು ಎಂದೆ. ಅವರ ಮುಖ ಅರಳಿಬಿಟ್ಟಿತು. ನಲ್ಲಿ! ತಂಬಿಗೆ ಅಳಿಸಿ ನಲ್ಲಿ ಬರೆದುಬಿಡಿ, ಬಳೆಯ ರಗಳೆಯೇ ಬೇಡ ಎಂದರು. ನಾನು ರಬ್ಬರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವರೇ ಕುಗ್ಗಿ ನಿಂತಿದ್ದರು. ಅವರು ಸುತ್ತುವ ಒಂದು ಹಳ್ಳಿಶಾಲೆಯಲ್ಲೂ ನಲ್ಲಿ ಇರಲಿಲ್ಲ. ಬೇಡ ಬಿಡಿ ಎಂದು ಹೋದರು. ಚಿತ್ರ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಅವರು ಕಾಯುತ್ತಿದ್ದ ದಿನ ಬಂತು. ಇಲಾಖೆಯ ಜಿಲ್ಲಾ ಸಾಹೇಬರು ತೀರ್ಥಹಳ್ಳಿಗೆ ಪ್ರವಾಸ ಬರುವವರಿದ್ದರು. ಅಲ್ಲಿನ ಒಂದು ಶಾಲೆಯಲ್ಲಿ ಚಿತ್ರಕಥೆ ತೋರಿಸಬೇಕು. ಮಕ್ಕಳು ಕೈ ತೊಳೆಯುವುದನ್ನು ಸಾಹೇಬರು ಕಣ್ಣಾರೆ ನೋಡಬೇಕು. ಒಪ್ಪಿದರೆ ಅಚ್ಚಿಗೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಸ್ವಂತ ಅಕ್ಕನ ಮನೆ ಆ ಶಾಲೆಯ ಎದುರಿಗೇ. ಅವಳ ಮಗನ ನಾಮಕರಣಕ್ಕೆಂದು ನಾನೂ ಆಗ ಅಲ್ಲೇ ಇದ್ದೆ. ಕೈಗಳೆಲ್ಲ ನನ್ನವೇ ಆದ್ದರಿಂದ ನೋಡಿ ಬರೋಣ ಎಂದು ಹೋಗಿ ಶಾಲೆಯ ಜಗುಲಿಯ ತುದಿಯಲ್ಲಿ ನಿಂತೆ.

ಸಾಹೇಬರ ಬೂಟು ಚೆನ್ನಾಗಿತ್ತು. ತೀರ್ಥಹಳ್ಳಿಯ ಕೆಂಪು ಧೂಳಿನಲ್ಲಿ ಅಷ್ಟು ಹೊಳೆಯುವ ಬೂಟು ನೋಡಿದರೆ ಯಾರಿಗಾದರೂ ಅವರ ಜವಾನನ ಮೇಲೆ ಗೌರವ ಬರಬೇಕು. ಕಥೆ ಹೇಳಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಮಕ್ಕಳು ಅಂಗಳದಲ್ಲಿ ಸಾಲು ನಿಂತು ಕೈ ಚಾಚಿದರು. ಒಬ್ಬ ಹುಡುಗಿ, ಒಂದು ಜಡೆಗೆ ಕೆಂಪು ರಿಬ್ಬನ್ನು, ಇನ್ನೊಂದಕ್ಕೆ ಬಾಳೆಪಟ್ಟೆಯ ದಾರ ಕಟ್ಟಿಕೊಂಡವಳು, ತಂಬಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೊಯ್ಯುತ್ತಾ ಹೋದಳು. ಬಕೆಟ್ಟಿಗೆ ಬಂದು ತುಂಬಿಕೊಳ್ಳುವಳು, ಮತ್ತೆ ಹೋಗುವಳು. ತೊಳೆದವರು ಓಡಿಹೋಗಿ ಬಾಳೆಲೆಯ ಪೊಟ್ಟಣ ಬಿಚ್ಚಿ ರೊಟ್ಟಿ ತಿನ್ನತೊಡಗಿದರು. ಡಿಸಿಪ್ಲಿನ್ ಇದೆ ಎಂದು ಸಾಹೇಬರು ಮೆಚ್ಚಿದರು.

ಕೊನೆಯಲ್ಲಿ ಸಾಲಿನಲ್ಲಿ ಯಾರೂ ಉಳಿಯದೆ ಅವಳೊಬ್ಬಳೇ ನಿಂತಿದ್ದಳು. ಸಾಹೇಬರಿಗೆ ಅವಳ ಮೇಲೆ ಪ್ರೀತಿ ಬಂತು. ನೀನೂ ಕೈ ತೊಳಿಯಮ್ಮ, ನೋಡೋಣ, ಎಂದರು. ಹುಡುಗಿ ತಕ್ಷಣ ತಂಬಿಗೆ ತುಂಬಿಕೊಂಡು ಬಂದು ಸಾಹೇಬರ ಮುಂದೆ ನಿಂತಳು, ಹೊಯ್ಯಲು ಸಿದ್ಧವಾಗಿ. ಕೈ ತೊಳೆಯುವುದೆಂದರೆ ಅವಳ ಪಾಲಿಗೆ ಅದೇ. ಸಾಹೇಬರು ನಕ್ಕು, ಕೈ ಚಾಚಿ, ತಾವೇ ತೊಳೆದುಕೊಂಡರು. ಕರವಸ್ತ್ರದಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡು, "ವೆರಿ ಗುಡ್. ಅಚ್ಚಿಗೆ ಕಳಿಸಿ" ಎಂದರು.

ಮೇಷ್ಟರುಗಳು ಚಪ್ಪಾಳೆ ತಟ್ಟಿದರು. ನಾನು ಇನ್ಸ್‌ಪೆಕ್ಟರ ಮುಖ ನೋಡಿದೆ. ಜೀವಮಾನದ ಆಸೆ ಕೈಗೂಡಿದವರ ಮುಖ ಹಾಗಿರುವುದಿಲ್ಲ. ಹಲ್ಲುನೋವು ಶುರುವಾದವರ ಮುಖ ಹಾಗಿರುತ್ತದೆ.

"ಸಾರ್, ಇನ್ನೂ ಒಬ್ಬಳದ್ದು ಬಾಕಿ ಇದೆ" ಎಂದರು.

ಮುಂದೆ ಹೋಗಿ ಹುಡುಗಿಯ ಕೈಯಿಂದ ತಂಬಿಗೆ ತೆಗೆದುಕೊಂಡು, ಬಕೆಟ್ಟಿನಲ್ಲಿ ಮುಳುಗಿಸಿ ತುಂಬಿ, ಕೈ ಚಾಚು ಎಂದರು. ಅವಳು ಹಿಂದೆ ಸರಿದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಆಗ ಅವಳು ಅಂಗೈ ಮೇಲೆ ಮಾಡಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ತುಟಿ ಕಚ್ಚಿ ಕೈ ಚಾಚಿದಳು. ಶಾಲೆಯಲ್ಲಿ ದೊಡ್ಡವರು ಕೈ ಚಾಚು ಎಂದರೆ ಬೆತ್ತಕ್ಕೆ ಎಂಬುದು ಅವಳಿಗೆ ಗೊತ್ತಿದ್ದ ಪಾಠ.

ಅವರು ಹೊಯ್ದರು. ಜನ್ಮದಲ್ಲಿ ಮೊದಲ ಸಲ ಹೊಯ್ಯುತ್ತಿದ್ದವರ ಹಾಗೆ ಹೊಯ್ದರು. ತಂಬಿಗೆಯನ್ನು ಬಾಗಿಸಬೇಕು, ಬೋರಲು ಹಾಕಬಾರದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟೂ ನೀರು ಒಮ್ಮೆಲೇ ಬಿತ್ತು. ಅಂಗೈಗೆ ಒಂದು ಪಾಲು, ಹುಡುಗಿಯ ಲಂಗಕ್ಕೆ ಎರಡು ಪಾಲು, ಉಳಿದದ್ದು ನೆಲಕ್ಕೆ ಬಡಿದು ಕೆಂಪು ಕೆಸರಾಗಿ ಸಾಹೇಬರ ಬೂಟಿಗೆ.

"ಏನ್ರೀ ಇದು?" ಎಂದರು ಸಾಹೇಬರು.

"ಚಿತ್ರದಲ್ಲಿ ತಪ್ಪಿದೆ ಸಾರ್. ಹೊಯ್ಯೋಳಿಗೆ ಹೊಯ್ಯೋರು ಯಾರೂ ಇಲ್ಲ."

ಸಾಹೇಬರು ಬೂಟನ್ನೇ ನೋಡುತ್ತಾ, "ತಪ್ಪಿದ್ರೆ ತಿದ್ದಿ ಕಳಿಸ್ರಿ. ತಪ್ಪಿರೋದನ್ನ ಯಾಕೆ ತೋರಿಸಿದ್ರಿ?" ಎಂದು ಜೀಪು ಹತ್ತಿದರು.

ತಿದ್ದುವ ಕೆಲಸ ವರ್ಷವಿಡೀ ನಡೆಯಿತು. ಶುಚೀಂದ್ರನಿಗೆ ಹೊಯ್ದ ಹುಡುಗಿಗೆ ಒಬ್ಬ ಹುಡುಗ ಹೊಯ್ಯಬೇಕು. ಆ ಹುಡುಗ ತಂಬಿಗೆ ಮುಟ್ಟುವ ಮೊದಲು ಅವನ ಕೈಗೆ ಇನ್ನೊಬ್ಬರು ಹೊಯ್ಯಬೇಕು. ಆ ಇನ್ನೊಬ್ಬರಿಗೆ ಮತ್ತೊಬ್ಬರು. ನಾನು ಕೈಗಳನ್ನು ಬರೆದೆ, ಬರೆದೆ, ಹಾಳೆ ಮುಗಿಯಿತೇ ಹೊರತು ಸಾಲು ಮುಗಿಯಲಿಲ್ಲ. ಎಡಗೈಯಲ್ಲಿ ತಂಬಿಗೆ ಬಾಗಿಸಿ ಬಲಗೈಗೆ ಹೊಯ್ದುಕೊಳ್ಳಲಿ, ಆಮೇಲೆ ತಂಬಿಗೆಗೂ ಒಂದಿಷ್ಟು ನೀರು ಹಾಕಿದರಾಯಿತು, ಲೋಕದ ಅರ್ಧ ಜನ ಹಾಗೆಯೇ ತೊಳೆದುಕೊಳ್ಳುವುದು ಎಂದು ನಾನು ಹೇಳಿ ನೋಡಿದೆ. ಅದು ವಿಜ್ಞಾನವಲ್ಲ ಎಂದರು. ಚಿತ್ರಕಥೆ ಅಚ್ಚಾಗಲಿಲ್ಲ. ಮುಂದೆ ಅವರಿಗೆ ವರ್ಗವಾದಾಗ ಸುರುಳಿಯನ್ನು ಹಾಸಿಗೆಯೊಳಗೆ ಸುತ್ತಿಕೊಂಡು ಹೋದರು.

ಆದರೆ ನನಗೆ ಅವರೆಂದರೆ ನೆನಪಾಗುವುದು ಅದಲ್ಲ. ತೀರ್ಥಹಳ್ಳಿಯಿಂದ ನಾನು ಊರಿಗೆ ಬಂದ ದಿನ ಸಂಜೆ ಅವರು ಜಗುಲಿಗೆ ಬಂದು ಆ ಕಥೆಯನ್ನು ನಮ್ಮ ಯಜಮಾನರಿಗೆ ಹೇಳುತ್ತಿದ್ದರು. ನಾನು ಕಣ್ಣಾರೆ ಕಂಡದ್ದಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು. ಅದರಲ್ಲಿ ಅವರು ಸಾಹೇಬರನ್ನು ನೇರವಾಗಿ ದಿಟ್ಟಿಸಿದ್ದರು. ನೀರು ಧಾರೆಯಾಗಿ ಬಿದ್ದಿತ್ತು. ಬೂಟಿನ ಪ್ರಸ್ತಾಪವೇ ಇರಲಿಲ್ಲ. ಅಚ್ಚು ಹೋದರೆ ಹೋಗಲಿ, ಒಂದು ಹೆಣ್ಣು ಮಗುವಿನ ಮುಂದೆ ನಾನು ತಪ್ಪಿತಸ್ಥನಾಗಲಿಲ್ಲ ಎಂದು ಮುಗಿಸಿದರು. ಕಣ್ಣಲ್ಲಿ ನೀರೂ ಬಂದಿತ್ತು. ಯಾರು ಎಷ್ಟೇ ನಗಲಿ, ಆ ನೀರು ಸುಳ್ಳಲ್ಲ. ವರ್ಷಗಟ್ಟಲೆ ಕಾದದ್ದನ್ನು ಎಲ್ಲರೆದುರು ಕೈಯಾರೆ ಕಳೆದುಕೊಳ್ಳುವುದು ಎಲ್ಲರಿಂದ ಆಗುವ ಮಾತಲ್ಲ.

ಅಕ್ಕ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದರು. ಎಲ್ಲ ಮುಗಿದ ಮೇಲೆ, "ಅದ್ ಸರಿ. ಆ ಕೂಸು ಆಮೇಲೆ ಉಂಡಳಾ?" ಎಂದು ಕೇಳಿದರು.

ಇನ್ಸ್‌ಪೆಕ್ಟರು ಅಕ್ಕನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಜೀಪು ಹೋದ ಕೂಡಲೇ ಹೆಡ್‌ಮಾಸ್ಟರು ಸಿಟ್ಟಿನಲ್ಲಿ ಊಟದ ಬಿಡುವು ಮುಗಿದ ಗಂಟೆ ಹೊಡೆಸಿದ್ದರು. ಹುಡುಗಿ ಒದ್ದೆ ಲಂಗ ಹಿಂಡಿಕೊಂಡು ಬಿಸಿಲಿನ ಮೆಟ್ಟಿಲ ಮೇಲೆ ಕೂತು ಪೊಟ್ಟಣದ ಬಾಳೆನಾರು ಬಿಚ್ಚುತ್ತಿದ್ದಳು. ಗಂಟೆ ಕೇಳಿ ಅದನ್ನು ಮತ್ತೆ ಕಟ್ಟಿ ಚೀಲಕ್ಕೆ ಹಾಕಿ ಒಳಗೆ ಹೋದಳು. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ.

ಇನ್ಸ್‌ಪೆಕ್ಟರು ಏನಾದರೂ ಒಂದು ಹೇಳದೆ ಏಳುವ ಮನುಷ್ಯರಲ್ಲವಲ್ಲ.

"ಕೈಯಂತೂ ಸ್ವಚ್ಛ ಇತ್ತು" ಎಂದರು.

ಯಾರೂ ನಗಲಿಲ್ಲ. ನಮ್ಮ ಯಜಮಾನರು ಕೂಡ ನಗಲಿಲ್ಲ. ಅಕ್ಕ ಗಂಡನ ಮುಖವನ್ನೇ ನೋಡುತ್ತಿದ್ದರು. ಇನ್ಸ್‌ಪೆಕ್ಟರು ಮೆಲ್ಲಗೆ ಎದ್ದು, ಚಪ್ಪಲಿ ಹುಡುಕಿ, ಯಾವ ಕಾಲಿಗೆ ಯಾವುದು ಎಂದೂ ನೋಡದೆ ಮೆಟ್ಟಿಕೊಂಡು ಮನೆಗೆ ಹೋದರು.